ಮಕ್ಕಳ ಒಂದು ದಿನದ ಔಟಿಂಗ್ ಸೇವೆ: ಹುಡುಗರಿಗೆ ನಿಯಮ ಸಾಕಷ್ಟು, ದೊಡ್ಡವರಿಗೆ ಬಹಳ ಕಡಿಮೆ

ರವಿವಾರ ಬೆಳಿಗ್ಗೆ ಹುಬ್ಬಳ್ಳಿ-ಧಾರವಾಡದಿಂದ ಹೊರಟು ಸಂಜೆಯೊಳಗೆ ವಾಪಸ್ ತಂದು ಬಿಡುವ, 10ರಿಂದ 16 ವರ್ಷದ ಮಕ್ಕಳಿಗಾಗಿ ನಡೆಯುವ ಚಾರಣ ಸೇವೆಯೊಂದರ ವಿಮರ್ಶೆ ಇದು. ತಲೆಗೆ 900 ರೂಪಾಯಿ. ವಾಹನ, ಮುಂಜಾನೆಯ ನಾಷ್ಟಾ, ಮಾರ್ಗದರ್ಶಕರ ಖರ್ಚು ಎಲ್ಲ ಅದರಲ್ಲೇ ಬಂತು; ಮಧ್ಯಾಹ್ನದ ಬುತ್ತಿ ಮನೆಯಿಂದ. ಹೋಗುವ ಜಾಗಗಳು ಕಪ್ಪತಗುಡ್ಡ, ಮಾಗಡಿ ಕೆರೆ, ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯ, ಗಳಗನಾಥ. ಹಣ ಕಟ್ಟಿದ ಕೂಡಲೇ ಪಾಲಕರ ವಾಟ್ಸಾಪ್‌ಗೆ ಎರಡು ಪುಟದ ನಿಯಮದ ಹಾಳೆ ಬರುತ್ತದೆ. ಇಲ್ಲಿ ಮುಖ್ಯವಾಗಿ ತೂಗಿ ನೋಡಿದ್ದು ಆ ಹಾಳೆಯನ್ನೇ. ಸಂಸ್ಥೆಯ ಹೆಸರು ಹಾಕಿಲ್ಲ. ಇದೇ ಹಾಳೆ ಎರಡು ಸಾಲು ಹೆಚ್ಚು-ಕಡಿಮೆಯಾಗಿ ಶಾಲೆ, ಟ್ಯೂಷನ್ ಕ್ಲಾಸು, ಬೇಸಿಗೆ ಶಿಬಿರದವರ ಕೈಯಲ್ಲೆಲ್ಲ ಓಡಾಡುತ್ತಿದೆ, ಒಬ್ಬರ ಮೇಲೆ ಹೊರಿಸಿ ಫಾಯಿದೆ ಇಲ್ಲ.

ಐದಕ್ಕೆ ಮೂರು ಅಂಕ. ಹಾಳೆ ಬರೆದವರು ಬೇಜವಾಬ್ದಾರಿ ಜನ ಅಂತೂ ಅಲ್ಲ. ಬೂಟು, ಟೊಪ್ಪಿಗೆ, ನೀರಿನ ಬಾಟಲಿ, ಸಾಲು ಬಿಡಬಾರದು, ಕಸ ಚೆಲ್ಲಬಾರದು ಎಂದು ಹುಡುಗರಿಗೆ ಹೇಳಬೇಕಾದದ್ದನ್ನೆಲ್ಲ ಹೇಳಿದ್ದಾರೆ. ಆದರೆ ಸಾಲುಗಳನ್ನು ಒಂದೊಂದಾಗಿ ಓದಿ ‘ಇದನ್ನು ಮಾಡಬೇಕಾದವರು ಯಾರು’ ಎಂದು ಕೇಳುತ್ತ ಹೋದರೆ ಉತ್ತರ ಬಹುತೇಕ ‘ಮಗು’ ಎಂದೇ ಬರುತ್ತದೆ. ಮಾರ್ಗದರ್ಶಕ ಏನು ಮಾಡಬೇಕು, ಎಷ್ಟು ಹೊತ್ತಿಗೆ ಹಿಂದಕ್ಕೆ ತಿರುಗಬೇಕು, ಯಾವಾಗ ರದ್ದು ಮಾಡಬೇಕು ಎಂಬುದಕ್ಕೆ ಹೆಚ್ಚೆಂದರೆ ನಾಲ್ಕು ಸಾಲು. ಔಟಿಂಗ್‌ನಲ್ಲಿ ಅನಾಹುತ ಆಗುವುದು ಹುಡುಗರು ಹುಡುಗಾಟ ಮಾಡಿದ್ದಕ್ಕಿಂತ ಹೆಚ್ಚಾಗಿ ಈ ಖಾಲಿ ಬಿಟ್ಟ ಜಾಗದಲ್ಲಿ.

ಅನುಮತಿ ವಿಷಯದಲ್ಲಿ ಇವರಿಗೆ ಪೂರ್ತಿ ಅಂಕ ಕೊಡಬಹುದು. ಕಪ್ಪತಗುಡ್ಡ 2019ರಿಂದ ವನ್ಯಜೀವಿಧಾಮ, ಸುಮಾರು 244 ಚದರ ಕಿಲೋಮೀಟರ್. ಹಾಗಾಗಿ ‘ನಮ್ಮ ಗದಗ ಜಿಲ್ಲೆಯ ಗುಡ್ಡ, ಯಾವಾಗ ಬೇಕಾದರೂ ಏರಬಹುದು’ ಎನ್ನುವ ಕಾಲ ಮುಗಿದಿದೆ. ಅರಣ್ಯ ಇಲಾಖೆಯ ಅನುಮತಿ ಪತ್ರದ ಪ್ರತಿಯನ್ನು ಹಾಳೆಯ ಜೊತೆಗೇ ಕಳಿಸುತ್ತಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ವನ್ಯಜೀವಿಧಾಮದೊಳಗೆ ಬೆಂಕಿ ಹಚ್ಚುವುದು, ಆಯುಧ ಒಯ್ಯುವುದು, ಗಿಡಮರ ಕೀಳುವುದು ಅಪರಾಧ ಎಂದು ಬಿಡಿಸಿ ಬರೆದಿದ್ದಾರೆ. ಕೊನೆಯದು ಬಹಳ ಮುಖ್ಯ. ಕಪ್ಪತಗುಡ್ಡ ಔಷಧಿ ಸಸ್ಯಕ್ಕೆ ಹೆಸರಾದ ಗುಡ್ಡ. ‘ಅಜ್ಜಿಗೆ ಬೇಕಂತ’ ಎಂದು ಬೇರುಸಮೇತ ಕಿತ್ತು ಬ್ಯಾಗಿಗೆ ಹಾಕಿಕೊಳ್ಳುವವರು ಹುಡುಗರಿಗಿಂತ ಜೊತೆಗೆ ಬಂದ ದೊಡ್ಡವರೇ ಹೆಚ್ಚು. ಬೆಂಕಿಯದೂ ಅಷ್ಟೇ. ಫೆಬ್ರವರಿ ಹೊತ್ತಿಗೆ ಗುಡ್ಡದ ಹುಲ್ಲು ಪೂರ್ತಿ ಒಣಗಿರುತ್ತದೆ, ಗಾಳಿ ಎಂಥದೆಂಬುದನ್ನು ಅಲ್ಲಿನ ವಿಂಡ್‌ಮಿಲ್‌ಗಳೇ ಹೇಳುತ್ತವೆ. ಗುಡ್ಡಕ್ಕೆ ಬೆಂಕಿ ಹತ್ತಲು ಚಹಾಕ್ಕಾಗಿ ಹಚ್ಚಿದ ಮೂರು ಕಲ್ಲಿನ ಒಲೆ ಸಾಕು. ಬಿಸಿ ಚಹಾ ಬೇಕಿದ್ದರೆ ಥರ್ಮಾಸ್‌ನಲ್ಲಿ ಒಯ್ಯಿರಿ ಎಂದೂ ಬರೆದಿದ್ದರೆ ಇನ್ನೂ ಚಲೋ ಇತ್ತು.

ಪಾಲಕರಿಂದ ತುಂಬಿಸುವ ಫಾರ್ಮ್ ಅರ್ಧ ಕೆಲಸದ್ದು. ರಕ್ತದ ಗುಂಪಿಗೆ ದೊಡ್ಡ ಚೌಕ ಇದೆ. ಅದನ್ನು ಆಸ್ಪತ್ರೆಯವರು ಹೇಗೂ ತಾವೇ ಪರೀಕ್ಷೆ ಮಾಡಿಕೊಳ್ಳುತ್ತಾರೆ. ನಿಜವಾಗಿ ಬೇಕಾದದ್ದು ಉಬ್ಬಸ ಇದೆಯೇ, ಇನ್‌ಹೇಲರ್ ಯಾವ ಜೇಬಿನಲ್ಲಿದೆ, ಫಿಟ್ಸ್ ಬಂದದ್ದುಂಟೇ, ಯಾವ ಔಷಧಿ ಒಗ್ಗುವುದಿಲ್ಲ, ಜೇನು ಕಚ್ಚಿದಾಗ ಮೈ ಊದಿದ್ದುಂಟೇ, ಮಗುವಿನ ತೂಕ ಎಷ್ಟು ಎನ್ನುವುದು. ತೂಕ ಯಾಕೆಂದರೆ ಮಕ್ಕಳಿಗೆ ಪ್ಯಾರಾಸಿಟಮಾಲ್ ಕೂಡ ತೂಕದ ಲೆಕ್ಕದಲ್ಲಿ, ಕಿಲೋಗೆ ಸುಮಾರು 15 ಮಿಲಿಗ್ರಾಂನಂತೆ. ಇನ್ನೊಂದು: ತುಂಬಿದ ಫಾರ್ಮ್‌ಗಳು ಆಫೀಸಿನ ಫೈಲಿನಲ್ಲಿ ಉಳಿಯುತ್ತವೆ. ಅವುಗಳ ಪ್ರತಿ ಪ್ಲಾಸ್ಟಿಕ್ ಚೀಲದಲ್ಲಿ ಮಾರ್ಗದರ್ಶಕನ ಬೆನ್ನ ಮೇಲೆ ಇರಬೇಕು. ಗುಡ್ಡದ ಮಡಿಕೆಗಳಲ್ಲಿ ಎಲ್ಲ ಕಡೆ ಸಿಗ್ನಲ್ ಸಿಗುವುದಿಲ್ಲ. ‘ಆಫೀಸಿಗೆ ಫೋನ್ ಹಚ್ಚಿ ಕೇಳ್ತೀನಿ’ ಎಂಬುದನ್ನು ನಂಬಿಕೊಂಡು ಹೋಗಬಾರದು.

ವಾಹನದ ಬಗ್ಗೆ ಹೆಚ್ಚು ತಕರಾರಿಲ್ಲ. ಹಳದಿ ಬೋರ್ಡಿನ ಟೆಂಪೋ ಟ್ರಾವೆಲರ್, ಸೀಟಿಗೆ ಒಬ್ಬರು, ಕತ್ತಲಾಗುವ ಮುಂಚೆ ಊರು ಸೇರುವುದು. ಬೇರೆ ಕಡೆ ಕಡೇ ಮೂರು ಕಿಲೋಮೀಟರ್‌ಗೆಂದು ಹುಡುಗರನ್ನು ಟ್ರ್ಯಾಕ್ಟರ್ ಟ್ರಾಲಿಗೋ ಟಾಟಾ ಏಸ್‌ಗೋ ಹತ್ತಿಸುವುದುಂಟು. ಸರಕು ಸಾಗಿಸುವ ಗಾಡಿಯಲ್ಲಿ ಜನ ಕೂತರೆ ವಿಮೆ ಕೈಹಿಡಿಯುವುದಿಲ್ಲ. ಈ ಸೇವೆಯವರು ಅದನ್ನು ಬರೆದೇ ನಿಷೇಧಿಸಿದ್ದಾರೆ, ಒಳ್ಳೆಯದು.

ಇನ್ನು ತಲೆ ಎಣಿಕೆ. ‘ಆಗಾಗ ಮಕ್ಕಳನ್ನು ಎಣಿಸಲಾಗುವುದು’ ಎಂಬ ಸಾಲಿನಲ್ಲಿ ‘ಆಗಾಗ’ ಎಂಬ ಪದವೇ ತೊಂದರೆ. ಎಣಿಕೆ ತಪ್ಪುವುದು ಹೇಗೆ? ಎಣಿಸುವವನು ಒಂದು ಸಲ ತನ್ನನ್ನು ಸೇರಿಸುತ್ತಾನೆ, ಒಂದು ಸಲ ಬಿಡುತ್ತಾನೆ. ಹುಡುಗರು ಎಣಿಸುವಾಗಲೂ ಜಾಗ ಬದಲಿಸುತ್ತಿರುತ್ತಾರೆ. ಹೆಸರು ಕರೆದರೆ ಗೆಳೆಯನ ಪರವಾಗಿ ಇನ್ನೊಬ್ಬ ‘ಹಾಂ ಸರ್’ ಅನ್ನುತ್ತಾನೆ. ಒಟ್ಟು ಮೊತ್ತ ಸರಿಬಂದರೂ ಒಬ್ಬ ಹಿಂದೆ ಉಳಿದಿರಬಹುದು. ಇದಕ್ಕೆ ಪಕ್ಕಾ ರೀತಿ ಒಂದಿದೆ. ಹೊರಡುವಾಗಲೇ ಪ್ರತಿ ಮಗುವಿಗೂ ಒಂದು ನಂಬರ್, ಜೊತೆಗೊಬ್ಬ ಜೋಡಿ. ಎಣಿಸುವಾಗ ಎಲ್ಲರೂ ನಿಂತು, ತಮ್ಮ ನಂಬರನ್ನು ತಾವೇ ಒಂದರಿಂದ ಜೋರಾಗಿ ಕೂಗುತ್ತಾರೆ, ಕೂಗುವಾಗ ಜೋಡಿಯ ಕೈ ಹಿಡಿದಿರಬೇಕು. ದೊಡ್ಡವರು ಈ ಲೆಕ್ಕದಲ್ಲಿ ಬರುವುದಿಲ್ಲ. ಗಾಡಿ ಹತ್ತುವ ಮುಂಚೆ, ಹತ್ತಿದ ಮೇಲೆ, ಪ್ರತಿ ನಿಲುಗಡೆಯಲ್ಲಿ, ನೀರಿನ ಹತ್ತಿರ ಹೋಗುವ ಮುಂಚೆ ಮತ್ತು ಬಂದ ಮೇಲೆ, ಊಟ ಮುಗಿದ ಮೇಲೆ. ಇಪ್ಪತ್ತು ಹುಡುಗರಿಗೆ ಅರ್ಧ ನಿಮಿಷದ ಕೆಲಸ.

ನಂಬರ್ ತಪ್ಪಿದರೆ ಏನು ಮಾಡಬೇಕೆಂಬುದು ಹಾಳೆಯಲ್ಲಿ ಇಲ್ಲವೇ ಇಲ್ಲ. ಉಳಿದವರೆಲ್ಲ ಅಲ್ಲೇ ಕೂರಬೇಕು. ಕಡೆಯದಾಗಿ ನೋಡಿದವರು ಯಾರು, ಎಲ್ಲಿ, ಎಷ್ಟು ಹೊತ್ತಿಗೆ ಎಂದು ಕೇಳಿ, ಇಬ್ಬರು ದೊಡ್ಡವರು ಬಂದ ದಾರಿಯಲ್ಲೇ ಕಡೇ ಎಣಿಕೆ ಸರಿಯಿದ್ದ ಜಾಗದವರೆಗೆ ಸೀಟಿ ಊದುತ್ತ ಹೋಗಬೇಕು. ಹುಡುಕಲು ಹುಡುಗರನ್ನು ಕಳಿಸಲೇಬಾರದು, ಕಳೆದವನೊಬ್ಬ ಮೂವರಾಗುತ್ತಾರೆ. ಕಾಲು ಗಂಟೆಯೊಳಗೆ ಸಿಗದಿದ್ದರೆ 112ಕ್ಕೆ ಫೋನು, ಅರಣ್ಯ ಇಲಾಖೆಯವರಿಗೆ ಸುದ್ದಿ. ಹುಡುಗರಿಗೆ ಕಲಿಸಬೇಕಾದದ್ದು ಒಂದೇ: ದಾರಿ ತಪ್ಪಿದೆ ಅನ್ನಿಸಿದ ಕ್ಷಣ ನಿಲ್ಲು, ಕೂರು, ಮೂರು ಸಲ ಸೀಟಿ ಊದು, ಒಂದು ನಿಮಿಷ ಬಿಟ್ಟು ಮತ್ತೆ ಮೂರು ಸಲ. ಸೇವೆಯವರು ಎಲ್ಲರಿಗೂ ಸೀಟಿ ಕೊಡುತ್ತಾರೆ, ಆದರೆ ಒಳಗೆ ಗುಂಡು ಇರುವ ಸೀಟಿ. ಉಗುಳು, ಮಣ್ಣು ಸೇರಿದರೆ ಗುಂಡು ಅಂಟಿಕೊಂಡು ಸೀಟಿ ಮೂಕಾಗುತ್ತದೆ. ಗುಂಡಿಲ್ಲದ ಪ್ಲಾಸ್ಟಿಕ್ ಸೀಟಿ ಆಟದ ಸಾಮಾನಿನ ಅಂಗಡಿಗಳಲ್ಲಿ ಸಿಗುತ್ತದೆ, ಅದಕ್ಕೆ ಬದಲಿಸಬೇಕು. ಅದು ಚೀಲದೊಳಗೆ ಹೋಗಬಾರದು, ಕೊರಳಲ್ಲೇ ಇರಬೇಕು.

ನಡಿಗೆಯ ಕ್ರಮವೂ ಸುಧಾರಿಸಬೇಕು. ಮುಂದೆ ಒಬ್ಬ ದೊಡ್ಡವರು, ಕಡೆಗೆ ಒಬ್ಬರು ಎಂದು ಬರೆದದ್ದು ಸರಿ. ಆದರೆ ಪ್ರಥಮ ಚಿಕಿತ್ಸೆಯ ಡಬ್ಬಿ ವಾಹನದಲ್ಲಿ! ಕಾಲು ಉಳುಕಿದವರು, ತಲೆ ಸುತ್ತಿದವರು ತಾವಾಗಿಯೇ ಸಾಲಿನ ಹಿಂದಕ್ಕೆ ಸರಿಯುತ್ತಾರೆ. ಹಾಗಾಗಿ ಡಬ್ಬಿ ಕಡೆಯವರ ಬೆನ್ನಿಗಿರಬೇಕು. ಎಲ್ಲರಿಗಿಂತ ನಿಧಾನ ನಡೆಯುವ ಮಗು ಮಾರ್ಗದರ್ಶಕನ ಹಿಂದೆಯೇ, ಎರಡನೆಯ ಜಾಗದಲ್ಲಿ. ವಿಶ್ರಾಂತಿಯಲ್ಲಿ ಸಾಮಾನ್ಯವಾಗಿ ಆಗುವ ತಪ್ಪೆಂದರೆ, ಮುಂದಿನವರು ಕೂತು ದಣಿವಾರಿಸಿಕೊಂಡು, ಹಿಂದಿನವರು ಬಂದು ಮುಟ್ಟಿದ ಕೂಡಲೇ ‘ನಡೀರಿ’ ಎಂದು ಏಳುವುದು. ದಣಿದವನಿಗೆ ಮಾತ್ರ ವಿಶ್ರಾಂತಿ ಇಲ್ಲ. ಗಡಿಯಾರ ಕಡೆಯವರು ಬಂದ ಮೇಲೆ ಶುರುವಾಗಬೇಕು.

ಎಷ್ಟು ಮಕ್ಕಳಿಗೆ ಎಷ್ಟು ದೊಡ್ಡವರು? ಇಲ್ಲಿ 15ಕ್ಕೆ ಒಬ್ಬರು ಎಂದಿದ್ದಾರೆ. ಗುಡ್ಡಕ್ಕೆ ಅದು ಸಾಲದು, 8ಕ್ಕೆ ಒಬ್ಬರಂತೆ ಬೇಕು. ಮತ್ತು ಗುಂಪು ಎಷ್ಟೇ ಸಣ್ಣದಿರಲಿ, ಮೂವರಿಗಿಂತ ಕಡಿಮೆ ಬೇಡ. ಲೆಕ್ಕ ಸುಲಭ: ಒಬ್ಬರು ಪೆಟ್ಟಾದ ಮಗುವಿನ ಜೊತೆ ಆಸ್ಪತ್ರೆಗೆ ಹೋದರೆ ಉಳಿದವರ ಜೊತೆ ಇಬ್ಬರು ಇರಬೇಕು. ಹುಡುಗಿಯರಿದ್ದರೆ ಮೂವರಲ್ಲಿ ಒಬ್ಬರಾದರೂ ಹೆಣ್ಣುಮಗಳು.

ನೀರಿಗೆ ಬರೋಣ. ಹಾಳೆಯ ದೊಡ್ಡ ದೋಷ ಇಲ್ಲಿದೆ. ‘ಕೆರೆ, ಹೊಳೆಗೆ ಇಳಿಯಬಾರದು’ ಎಂದು ಒಂದೇ ಸಾಲು. ನಮ್ಮ ಕಡೆ ಹುಡುಗರು ಮುಳುಗುವುದು ಇಳಿಯಬೇಕೆಂದು ಹೋಗಿಯೇ ಅಲ್ಲ. ಕೈತೊಳೆಯಲು, ಚಪ್ಪಲಿ ತೊಳೆಯಲು, ಬಿದ್ದ ಬಾಟಲಿ ತೆಗೆಯಲು ಹೋಗಿಯೂ. ಅದರಲ್ಲೂ ಕೃಷಿ ಹೊಂಡದ ಹೆಸರೇ ಹಾಳೆಯಲ್ಲಿಲ್ಲ. 2014ರಲ್ಲಿ ರಾಜ್ಯ ಸರ್ಕಾರದ ಕೃಷಿ ಭಾಗ್ಯ ಯೋಜನೆ ಶುರುವಾದಾಗಿನಿಂದ ಗದಗ, ಹಾವೇರಿ, ಧಾರವಾಡ ಜಿಲ್ಲೆಗಳ ಹೊಲಗಳಲ್ಲಿ ಹೊಂಡಗಳು ಬಹಳ. ಆಳ ಸಾಮಾನ್ಯವಾಗಿ 3 ಮೀಟರ್, ಅಂದರೆ ಹುಡುಗನ ಎತ್ತರದ ಎರಡು ಪಟ್ಟು. ಎರೆ ನೆಲ ನೀರು ಹಿಡಿಯುತ್ತದೆ. ಮಸಾರಿ ನೆಲದಲ್ಲಿ ನೀರು ಇಂಗದಂತೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿರುತ್ತಾರೆ. ಆ ಹಾಳೆಯ ಮೇಲೆ ಪಾಚಿ ಕಟ್ಟಿ, ಇಳಿಜಾರಿನಲ್ಲಿ ಕಾಲಿಟ್ಟವರು ಸೀದಾ ಒಳಗೆ. ಈಜು ಬಂದವರಿಗೂ ಹತ್ತಿ ಬರಲಾಗುವುದಿಲ್ಲ: ಹಿಡಿಯಲು ಕಲ್ಲಿಲ್ಲ, ಬೇರಿಲ್ಲ, ಅಂಗೈ ಪ್ಲಾಸ್ಟಿಕ್ ಮೇಲೆ ಜಾರುತ್ತದೆ, ಹತ್ತು ಸಲ ಪ್ರಯತ್ನಿಸಿ ಕೈ ಸೋತು ಹೋಗುತ್ತದೆ. ಉಳಿಸಲು ಹಾರಿದ ಎರಡನೆಯವನಿಗೂ ಅದೇ ಗತಿ. ಹೊಂಡದ ಏರಿಗೂ ಮಕ್ಕಳಿಗೂ ಹತ್ತು ಹೆಜ್ಜೆ ಅಂತರ ಎಂದು ಬರೆಯಬೇಕು, ದೊಡ್ಡವರೊಬ್ಬರು ಏರಿಯ ಕಡೆಗೆ ನಿಲ್ಲಬೇಕು.

ಹಗ್ಗವೊಂದು ಜೊತೆಗಿರಬೇಕು. ಈ ಸೇವೆಯವರ ಬಳಿ ಇರುವುದು ನೈಲಾನ್ ಹಗ್ಗ. ಗಟ್ಟಿ ಹೌದು, ಆದರೆ ನೀರಿನಲ್ಲಿ ಮುಳುಗುತ್ತದೆ. ಬೇಕಾದದ್ದು ತೇಲುವ ಪಾಲಿಪ್ರೊಪಿಲೀನ್ ಹಗ್ಗ, 8ರಿಂದ 10 ಮಿಲಿಮೀಟರ್ ದಪ್ಪ, 15 ಮೀಟರ್ ಉದ್ದ, ಎರಡು ಅಡಿಗೊಂದು ಗಂಟು. ತುದಿಗೆ 5 ಲೀಟರಿನ ಖಾಲಿ ಎಣ್ಣೆ ಕ್ಯಾನ್ ಕಟ್ಟಿ, ಒಳಗೆ ಒಂದು ಲೋಟ ನೀರು ಹಾಕಿ ಮುಚ್ಚಳ ಬಿಗಿ ಮಾಡಿ. ಪೂರ್ತಿ ಖಾಲಿ ಕ್ಯಾನ್ ಗಾಳಿಗೆ ಎತ್ತಲೋ ಹೋಗುತ್ತದೆ. ಸ್ವಲ್ಪ ನೀರಿದ್ದರೆ ಎಸೆದ ಕಡೆ ಬೀಳುತ್ತದೆ, ತೇಲುತ್ತದೆ. ಬಿದ್ದವನ ತಲೆಗೆ ಗುರಿ ಇಡದೆ ಅವನ ಆಚೆಗೆ ಎಸೆದು ಎಳೆದುಕೊಳ್ಳಬೇಕು. ಎಳೆಯುವವರು ನಿಂತು ಎಳೆದರೆ ತಾವೂ ಒಳಗೇ. ಹೊಟ್ಟೆಯ ಮೇಲೆ ಮಲಗಿ, ಹಿಂದೆ ಇನ್ನೊಬ್ಬರು ಕಾಲು ಹಿಡಿದಿರಬೇಕು. ಹೊರಗೆ ತೆಗೆದ ಮೇಲೆ ತಲೆಕೆಳಗೆ ಮಾಡಿ ತಿರುಗಿಸುವುದು, ಹೊಟ್ಟೆ ಒತ್ತಿ ನೀರು ಕಕ್ಕಿಸುವುದು ನಮ್ಮ ಕಡೆ ಇನ್ನೂ ನಡೆದಿದೆ, ಅದರಿಂದ ಅಮೂಲ್ಯ ನಿಮಿಷ ಹಾಳು. ಉಸಿರಿಲ್ಲದಿದ್ದರೆ ಮೊದಲು ಬಾಯಿಂದ ಉಸಿರು ಕೊಟ್ಟು, ಆಮೇಲೆ ಎದೆಗೆ 30 ಒತ್ತು, 2 ಉಸಿರು, ಹೀಗೇ 108 ಬರುವವರೆಗೆ. ಮೂವರು ದೊಡ್ಡವರಲ್ಲಿ ಇಬ್ಬರಿಗಾದರೂ ಇದರ ತರಬೇತಿ ಆಗಿದೆಯೇ ಎಂದು ಪಾಲಕರು ಕೇಳಲೇಬೇಕು.

ಗಳಗನಾಥದ ಟ್ರಿಪ್‌ಗೆ ಬೇರೆಯದೇ ನಿಯಮ ಬೇಕು. ವರದಾ ತುಂಗಭದ್ರೆಗೆ ಕೂಡುವ ಜಾಗ, ನೋಡಲು ತಿಳಿನೀರು. ಮರಳು ತೆಗೆದ ಹೊಳೆಯಲ್ಲಿ ಮೊಣಕಾಲ ನೀರಿನ ಪಕ್ಕದಲ್ಲೇ ತಲೆ ಮುಳುಗುವ ಗುಂಡಿ ಇರುತ್ತದೆ, ಮೇಲಿನಿಂದ ಕಾಣುವುದಿಲ್ಲ. ದೇವಸ್ಥಾನ, ಶಿಲ್ಪ ತೋರಿಸಿ ಕರೆತನ್ನಿ. ಕಾಲು ತೊಳೆಯಲು ಬಿಂದಿಗೆಯಲ್ಲಿ ನೀರು ತಂದರಾಯಿತು. ಇನ್ನು ಬೆಣ್ಣೆಹಳ್ಳದಂಥ ಹಳ್ಳಗಳು. ಶಿಗ್ಗಾವಿ ಕಡೆ ಮಳೆಯಾದರೆ, ನೀವು ನಿಂತ ಜಾಗದಲ್ಲಿ ಒಂದು ಹನಿ ಬೀಳದೆಯೂ ಹಳ್ಳ ತುಂಬಿ ಬರುತ್ತದೆ. ತಗ್ಗಿನಲ್ಲಿರುವ ಸೇತುವೆ ಮೇಲೆ ನೀರು ಹರಿಯುತ್ತಿದ್ದರೆ ಮೊಣಕಾಲವರೆಗೇ ಇದ್ದರೂ ದಾಟಬಾರದು, ವಾಹನವೂ ದಾಟಬಾರದು. ‘ಡ್ರೈವರ್ ಅನುಭವಸ್ಥ’ ಎಂಬ ಮಾತನ್ನು ಹಳ್ಳ ಕೇಳುವುದಿಲ್ಲ.

ಬಿಸಿಲಿನ ಬಗ್ಗೆ ‘ಸಾಕಷ್ಟು ನೀರು ಕುಡಿಯಿರಿ’ ಎಂದಷ್ಟೇ ಇದೆ. ಸಾಕಷ್ಟು ಅಂದರೆ ನಡೆಯುವಾಗ 20 ನಿಮಿಷಕ್ಕೊಮ್ಮೆ ನಾಲ್ಕೈದು ದೊಡ್ಡ ಗುಟುಕು, ಮಗುವಿಗೆ 2 ಲೀಟರ್ ಜೊತೆಗೆ, ವಾಹನದಲ್ಲಿ ಇನ್ನೊಂದು ಕ್ಯಾನ್. ಓಆರ್‌ಎಸ್ ಕೊಡುತ್ತಾರೆ, ಆದರೆ ಹೇಗೆ ಕಲಸಬೇಕೆಂದು ಬರೆದಿಲ್ಲ. ದೊಡ್ಡ ಪ್ಯಾಕೆಟ್ 1 ಲೀಟರ್ ನೀರಿಗೆ. ಹುಡುಗರು ಅದನ್ನು ಪೂರ್ತಿ ಅರ್ಧ ಲೀಟರ್ ಬಾಟಲಿಗೆ ಸುರಿದುಕೊಂಡರೆ ಉಪ್ಪು ಹೆಚ್ಚಾಗಿ ವಾಂತಿಯಾಗುತ್ತದೆ, ನೀರಡಿಕೆ ಇನ್ನೂ ಹೆಚ್ಚುತ್ತದೆ. 200 ಮಿಲಿಲೀಟರ್‌ಗೆಂದೇ ಸಣ್ಣ ಪ್ಯಾಕೆಟ್ ಬರುತ್ತದೆ, ಮಕ್ಕಳ ಕೈಗೆ ಅದೇ ಸುರಕ್ಷಿತ. ಪ್ಯಾಕ್‌ನಲ್ಲಿ ಬರುವ ಸಿಹಿ ಜ್ಯೂಸು ಓಆರ್‌ಎಸ್‌ಗೆ ಸಮವಲ್ಲ. ಹುಡುಗ ತಡವರಿಸಿ ಮಾತಾಡತೊಡಗಿದರೆ, ಮೈ ಕೆಂಡದಂತೆ ಕಾದಿದ್ದರೆ, ಮೊದಲು ನೆರಳಿಗೆ ಎಳೆದು ಬಟ್ಟೆ ತೋಯಿಸಿ ಗಾಳಿ ಹಾಕಿ. ಗಾಡಿ ಹತ್ತಿಸುವುದು ಆಮೇಲೆ. ಎಚ್ಚರ ತಪ್ಪಿದವರ ಬಾಯಿಗೆ ನೀರು ಹಾಕಬಾರದು.

ಸಿಡಿಲಿಗೆ ಒಂದು ಸಾಲೂ ಇಲ್ಲ. ಏಪ್ರಿಲ್-ಮೇ ಸಂಜೆ ಹೊತ್ತು ಗುಡುಗು ಸಾಮಾನ್ಯವಾದ ಸೀಮೆಗೆ ಇದು ದೊಡ್ಡ ಕೊರತೆ. ಮಿಂಚಿನಿಂದ ಗುಡುಗಿನವರೆಗೆ ಎಣಿಸಿ, 3 ಸೆಕೆಂಡ್‌ಗೆ ಸುಮಾರು 1 ಕಿಲೋಮೀಟರ್. 30 ಎಣಿಸುವುದರೊಳಗೆ ಗುಡುಗು ಕೇಳಿಸಿದರೆ ಪಕ್ಕಾ ಕಟ್ಟಡಕ್ಕೋ ಬಾಗಿಲು ಮುಚ್ಚಿದ ವಾಹನಕ್ಕೋ ಸೇರಬೇಕು. ಕಡೇ ಗುಡುಗಿನ ನಂತರ 30 ನಿಮಿಷ ಹೊರಗೆ ಬರಬಾರದು. ಎರೆ ಹೊಲದ ನಡುವೆ ಒಂಟಿಯಾಗಿ ನಿಂತ ಬೇವು, ಜಾಲಿ ಮರದ ಬುಡ ಎಲ್ಲಕ್ಕಿಂತ ಕೆಟ್ಟ ಜಾಗ. ತೆರೆದ ಮಂಟಪ, ಗುಡ್ಡದ ನೆತ್ತಿ, ವಿಂಡ್‌ಮಿಲ್ ಪಕ್ಕ ಕೂಡ ಬೇಡ. ಸಿಡಿಲಿನ ಮುನ್ನೆಚ್ಚರಿಕೆ ಕೊಡುವ ‘ಸಿಡಿಲು’ ಮತ್ತು ‘ದಾಮಿನಿ’ ಆ್ಯಪ್‌ಗಳು ಮಾರ್ಗದರ್ಶಕರ ಫೋನಿನಲ್ಲಿರಲಿ, ಆದರೆ ಸಿಗ್ನಲ್ ಇಲ್ಲದ ಕಡೆ ಎಣಿಕೆಯೇ ಗತಿ.

ಹಾವಿನ ಸಲಹೆ ಚೊಕ್ಕಟವಾಗಿದೆ: ರಕ್ತ ನಿಲ್ಲುವಂತೆ ಬಿಗಿಯಾಗಿ ಕಟ್ಟು ಹಾಕಬೇಡಿ, ಕೊಯ್ಯಬೇಡಿ, ಬಾಯಿಂದ ಹೀರಬೇಡಿ, ಬಳೆ-ಉಂಗುರ-ಕಾಲ್ಗೆಜ್ಜೆ ತೆಗೆಯಿರಿ, ಕಚ್ಚಿದ ಕೈಕಾಲು ಅಲುಗದಂತೆ ಪಟ್ಟಿ ಕಟ್ಟಿ, ಹೊತ್ತು ಬರೆದಿಟ್ಟು ಆಸ್ಪತ್ರೆಗೆ. ಯಾವ ಆಸ್ಪತ್ರೆಗೆ ಎಂಬುದು ಮಾತ್ರ ಬಿಟ್ಟುಹೋಗಿದೆ. ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗಳಲ್ಲಿ ಕಪ್ಪತಗುಡ್ಡದಿಂದ ಗದಗದ ಜಿಮ್ಸ್, ಹಾವೇರಿ ಕಡೆ ಹಿಮ್ಸ್, ಹುಬ್ಬಳ್ಳಿಗೆ ಹತ್ತಿರವಿದ್ದರೆ ಕೆಎಂಸಿಆರ್‌ಐ (ಮೊದಲಿನ ಕಿಮ್ಸ್) ಎಂದು ಪ್ರತಿ ಟ್ರಿಪ್‌ಗೆ ಮುಂಚೆ ಬರೆದಿಟ್ಟು, ದಾರಿಯ ತಾಲೂಕು ಆಸ್ಪತ್ರೆಯಲ್ಲಿ ಹಾವಿನ ವಿಷಕ್ಕೆ ಇಂಜೆಕ್ಷನ್ ಇದೆಯೇ ಎಂದು ಹಿಂದಿನ ದಿನವೇ ಫೋನ್ ಮಾಡಿ ಕೇಳಬೇಕು. ಕೆಂಪು ಚೇಳು ಕಡಿದರೂ ಮಕ್ಕಳಿಗೆ ಆಸ್ಪತ್ರೆಯೇ; ‘ಚೇಳಷ್ಟೇ’ ಎಂದು ಕಾಯಬಾರದು. ಹೆಜ್ಜೇನಿಗೆ ಹಾಳೆ ‘ಅಲುಗದೆ ಮಲಗಿ’ ಎನ್ನುತ್ತದೆ. ಇದು ತಪ್ಪು. ಒಂದು ಸಲ ಎದ್ದ ಹೆಜ್ಜೇನಿಗೆ ಮಲಗಿದವರು ಸುಲಭದ ಗುರಿ. ಅಂಗಿಯಿಂದ ಮುಖ ಮುಚ್ಚಿ, ಕೈ ಬೀಸದೆ, ವಾಹನದ ಕಡೆ ಓಡಬೇಕು. ನೀರಿಗೆ ಹಾರಬಾರದು. ಮುಳ್ಳುಗಳನ್ನು ಹೇಗೆ ತೆಗೆದೆ ಅನ್ನುವುದಕ್ಕಿಂತ ಎಷ್ಟು ಬೇಗ ತೆಗೆದೆ ಅನ್ನುವುದು ಮುಖ್ಯ. ಹೊರಡುವ ದಿನ ಸೆಂಟು ಬೇಡ, ಗೂಡಿಗೆ ಕಲ್ಲು ಬೇಡ, ಹೊಗೆ ಬೇಡ.

ನಡತೆಯ ಭಾಗದಲ್ಲಿ ಮೊದಲ ಸಾಲೇ ‘ಸರ್ ಹೇಳಿದ್ದನ್ನು ಚಾಚೂತಪ್ಪದೆ ಪಾಲಿಸಬೇಕು’. ದಾರಿ, ನೀರು, ಹೊತ್ತಿನ ವಿಷಯಕ್ಕೆ ಸರಿ. ಆದರೆ ಮಗು ‘ಬ್ಯಾಡ್ರಿ’ ಎನ್ನಬಹುದಾದ ವಿಷಯಗಳೂ ಇವೆ, ಅವನ್ನು ಪಕ್ಕದಲ್ಲೇ ಬರೆಯಬೇಕು. ಯಾವ ದೊಡ್ಡವರೂ ಒಂದು ಮಗುವಿನ ಜೊತೆ ಮರೆಯಲ್ಲಿ ಒಬ್ಬರೇ ಇರಬಾರದು. ಬಟ್ಟೆ ಬದಲಿಸುವಾಗ, ಶೌಚಕ್ಕೆ ಹೋಗುವಾಗ ಜೋಡಿ ಮಗು ಜೊತೆಗಿರಲಿ, ದೊಡ್ಡವರು ಕರೆದರೆ ಕೇಳಿಸುವಷ್ಟು ದೂರದಲ್ಲಿ. ಮಕ್ಕಳಿಗೆ ಖಾಸಗಿಯಾಗಿ ಮೆಸೇಜ್ ಕಳಿಸುವಂತಿಲ್ಲ, ಪಾಲಕರ ಗುಂಪಿನಲ್ಲೇ ಮಾತು. ಮಕ್ಕಳ ಸಹಾಯವಾಣಿ 1098 ಸಂಖ್ಯೆ ಹಾಳೆಯಲ್ಲಿ ದಪ್ಪಕ್ಷರದಲ್ಲಿರಲಿ. ಫೋಟೋ ವಿಷಯದಲ್ಲಿ ಇವರ ಜಾಣತನ ನಮಗೆ ಹಿಡಿಸಲಿಲ್ಲ: ಪ್ರವಾಸದ ಒಪ್ಪಿಗೆಯ ಸಹಿಯಲ್ಲೇ ಜಾಹೀರಾತಿಗೆ ಮಗುವಿನ ಫೋಟೋ ಬಳಸುವ ಒಪ್ಪಿಗೆಯನ್ನೂ ಸೇರಿಸಿದ್ದಾರೆ. ಅದಕ್ಕೆ ಬೇರೆ ಸಹಿ ಇರಬೇಕು, ‘ಇಲ್ಲ’ ಎಂದವರ ಮಗುವನ್ನೂ ಕರೆದೊಯ್ಯಬೇಕು.

ಹೊಲದವರ ಬಗ್ಗೆ ಬರೆದದ್ದು ಚಲೋ ಇದೆ: ಸುಲಗಾಯಿ ಕೀಳಬಾರದು, ಜೋಳದ ತೆನೆ ಮುರಿಯಬಾರದು, ಬದುವಿನ ಮೇಲೆಯೇ ನಡೆಯಬೇಕು, ಕುರಿಹಿಂಡು ಅಡ್ಡ ಬಂದರೆ ನಿಂತು ದಾರಿ ಬಿಡಬೇಕು. ಹಿಂಡಿನ ನಾಯಿ ಕಚ್ಚಿದರೆ ಸಾಬೂನು ನೀರಿನಿಂದ 15 ನಿಮಿಷ ತೊಳೆದು ಅದೇ ದಿನ ಲಸಿಕೆ ಎಂಬುದನ್ನು ಸೇರಿಸಬೇಕು. ಹೊಲದ ಸುತ್ತ ಕಟ್ಟಿದ ತಂತಿ ಮುಟ್ಟಬಾರದು ಎಂದೂ. ಹಂದಿ ಕಾಟಕ್ಕೆ ಕೆಲವರು ಕರೆಂಟ್ ಬಿಟ್ಟಿರುತ್ತಾರೆ. ಮಾಗಡಿ ಕೆರೆಯಲ್ಲಿ ಸ್ಪೀಕರ್ ನಿಷೇಧ, ಡ್ರೋನ್ ನಿಷೇಧ, ಹಕ್ಕಿ ಏಳುವಷ್ಟು ಹತ್ತಿರ ಹೋಗುವಂತಿಲ್ಲ ಎಂಬುದು ಸರಿಯಾಗಿಯೇ ಇದೆ. 2024ರಲ್ಲಿ ರಾಮ್ಸರ್ ಪಟ್ಟಿಗೆ, ಅಂದರೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೆ, ಸೇರಿದ ಕೆರೆ ಅದು. ಪಟ್ಟೆತಲೆ ಹೆಬ್ಬಾತುಗಳು ಹಗಲು ಅಲ್ಲಿ ದಣಿವಾರಿಸಿಕೊಳ್ಳುತ್ತವೆ, ಒಂದು ರೀಲ್ಸ್‌ಗಾಗಿ ಎಬ್ಬಿಸಬೇಕಿಲ್ಲ.

ಬುತ್ತಿಗೆ ‘ಮನೆಯೂಟ’ ಎಂದಷ್ಟೇ ಬರೆದಿದ್ದಾರೆ. ಬೆಳಿಗ್ಗೆ ಐದಕ್ಕೆ ಬಿಸಿಯಾಗಿ ಡಬ್ಬಿಗೆ ತುಂಬಿದ ಚಿತ್ರಾನ್ನ ಮಧ್ಯಾಹ್ನದ ಹೊತ್ತಿಗೆ ಹಳಸುತ್ತದೆ. ಕಟಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಬಾಳೆಹಣ್ಣಿಗೆ ಆ ತಕರಾರಿಲ್ಲ. ಶೌಚಕ್ಕೆ ನೀರಿನಿಂದ 60 ಮೀಟರ್ ದೂರ, ಕುರ್ಪಿಯಿಂದ ಗೇಣುದ್ದ ಗುಂಡಿ ತೋಡಿ ಮುಚ್ಚುವುದು. ಪ್ಯಾಡ್‌ಗಳನ್ನು ಹೂಳದೆ ಕಪ್ಪು ಚೀಲದಲ್ಲಿ ವಾಪಸ್. ಇದು ಹಾಳೆಯಲ್ಲಿ ಇಲ್ಲದ್ದರಿಂದ ಹುಡುಗಿಯರು ಬೆಳಿಗ್ಗೆಯಿಂದ ನೀರೇ ಕುಡಿಯದೆ ಇರುತ್ತಾರೆ, ಆಮೇಲೆ ತಲೆ ಸುತ್ತು.

ಹಣ ವಾಪಸಾತಿ ನಿಯಮ ನಮಗೆ ಮೆಚ್ಚುಗೆಯಾಯಿತು. ಹವಾಮಾನ ನೋಡಿ ಅವರೇ ರದ್ದು ಮಾಡಿದರೆ ಪೂರ್ತಿ ವಾಪಸ್ ಇಲ್ಲವೇ ಮುಂದಿನ ದಿನಾಂಕ. ಹೀಗಿದ್ದಾಗ ‘ಬಂದದ್ದು ಬಂದೆವು, ಹೋಗೇಬಿಡೋಣ’ ಎನ್ನುವ ಒತ್ತಡ ಮಾರ್ಗದರ್ಶಕನ ಮೇಲೆ ಬೀಳುವುದಿಲ್ಲ. ಅದರ ಪಕ್ಕದಲ್ಲೇ ತಿರುಗುವ ಹೊತ್ತನ್ನೂ ಬರೆಯಲಿ: ತುದಿ ಮುಟ್ಟಿರಲಿ ಬಿಡಲಿ, 11 ಗಂಟೆಗೆ ಇಳಿಯಲು ಶುರು.

12ರೊಳಗಿನ ಮಕ್ಕಳಿಗೆ ಡಿಸೆಂಬರ್-ಜನವರಿಯ ಮಾಗಡಿ ಟ್ರಿಪ್ ಈಗಿನ ಸ್ಥಿತಿಯಲ್ಲೇ ತೆಗೆದುಕೊಳ್ಳಬಹುದು. ಕಪ್ಪತಗುಡ್ಡ ಹಸಿರಾಗಿರುವುದು ಜುಲೈಯಿಂದ ಅಕ್ಟೋಬರ್. 13 ದಾಟಿದವರನ್ನು, ಮೂವರು ದೊಡ್ಡವರು ಬರುತ್ತಾರೆಂದು ಬರವಣಿಗೆಯಲ್ಲಿ ತರಿಸಿಕೊಂಡು ಕಳಿಸಿ. ಮಾರ್ಚ್‌ನಿಂದ ಮೇ ತನಕದ ಗುಡ್ಡದ ಟ್ರಿಪ್‌ಗಳನ್ನು ಬಿಡುವುದೇ ಸರಿ. ಗಳಗನಾಥಕ್ಕೆ ತೇಲುವ ಹಗ್ಗ ಗಾಡಿಯಲ್ಲಿದೆಯೋ ಇಲ್ಲವೋ ಎಂದು ಹೊರಡುವ ಬೆಳಿಗ್ಗೆ ಕಣ್ಣಾರೆ ನೋಡಿಯೇ ಮಗುವನ್ನು ಹತ್ತಿಸಿ.